ಹತ್ತಿಯ ಕೆಳಗಿನ ‘ಮ’

ಮಳೆಯೆಂದು ಮಕ್ಕಳನ್ನು ಒಳಗೇ ಕೂರಿಸಿಕೊಂಡ ಲವೀನಾ ಮಿಸ್, ಅಕ್ಷರ ಕಲಿಸಲು ರಟ್ಟಿನಲ್ಲಿ ‘ಮ’ ಕತ್ತರಿಸಿದರು. ಮೋಡದಂತೆ ಕಾಣಲೆಂದು ಅದರ ತುಂಬ ಹತ್ತಿ ಅಂಟಿಸಿದರು.

“ಸ್ವಲ್ಪ ಸರಿಯಮ್ಮ, ಮಕ್ಕಳಿಗೆ ನನ್ನ ಮುಖ ಕಾಣಬೇಕು,” ಎಂದಿತು ಅಕ್ಷರ.

“ನಾನಿಲ್ಲದಿದ್ದರೆ ನಿನ್ನನ್ನು ಯಾರು ನೋಡುತ್ತಿದ್ದರು?” ಎಂದಿತು ಹತ್ತಿ. “ಮಕ್ಕಳನ್ನು ಕರೆದೊಯ್ಯಲು ಬಂದು ಮಳೆ ನಿಲ್ಲಲೆಂದು ಕಾದಿರುವ ತಾಯಂದಿರು ಆಗಲೇ ನನ್ನ ಫೋಟೊ ತೆಗೆದುಕೊಂಡರು.”

ಮಿಸ್ ಪುಟ್ಟ ಇಂಚರಾಳನ್ನು ಕೇಳಿದರು, “ಇದೇನು, ಹೇಳು?”

“ಹತ್ತಿ, ಮಿಸ್.”

“ವೆರಿ ಗುಡ್.”

ಅಷ್ಟರಲ್ಲಿ ಕಿಟಕಿಯಿಂದ ಎರಚಲು ಬಡಿದು ಹತ್ತಿಯೆಲ್ಲ ಕಳಚಿ ಬಿತ್ತು. ಬರಿಯ ‘ಮ’ ಉಳಿಯಿತು. ಇಂಚರಾ ಅದರ ಮೇಲೆ ಮೆಲ್ಲಗೆ ಬೆರಳಾಡಿಸತೊಡಗಿದಳು.

“ಬಿಡು ಪುಟ್ಟಿ, ಅದರಲ್ಲಿನ್ನೇನೂ ಇಲ್ಲ,” ಎಂದು ಮಿಸ್ ಅಕ್ಷರವನ್ನು ಕಸದ ಬುಟ್ಟಿಗೆ ಹಾಕಿದರು.