ಗಾಜಿನ ಕೊಳಕ್ಕೆ ಉಸಿರು ಕೊಟ್ಟವರು

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಚಂದ್ರಲಾದೇವಿಯ ಗಾಜಿನ ಕೊಳದಾಗಿನ ಗಿಡ ಸಾಯಾಕ ಹತ್ಯಾವ. ಮೂರು ಒಗಟು ಬಿಡಿಸಿ ಗಿಡ ಉಳಿಸಿದವರು ಬೇಡಿದ್ದು ಕೊಡ್ತೀವಿ. ತಪ್ಪಿದವರ ತಲಿ ತಗೀತೀವಿ!"

ಹಿರೇಗಡದ ರಾಜ ಹೀಗೆ ಡಂಗುರ ಹೊಡೆಸಿದ. ಕೊಳವೆಂದರೆ ಅರಮನೆಯ ಕಿಟಕಿಯ ಬಳಿ ಇದ್ದ ಗಾಜಿನ ತೊಟ್ಟಿ. ನೀರೊಳಗೆ ಗಿಡ, ಗಿಡದ ನಡುವೆ ಮೀನು. ತೀರಿಹೋದ ರಾಣಿ ನೆಟ್ಟು ಬೆಳೆಸಿದ್ದು. ಒಗಟುಗಳೂ ಅವಳವೇ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳು, ಮೂರನೆಯದರ ಉತ್ತರ ಹೇಳುವ ಮೊದಲೇ ಕಣ್ಣುಮುಚ್ಚಿದಳು. ಹುಡುಗಿಯ ಸಂಕಟ ನನಗೂ ತಿಳಿಯುತ್ತದೆ. ಆದರೆ ಗಿಡಕ್ಕಾಗಿ ಜನರ ತಲೆ ಕೇಳುವ ಆ ಅಪ್ಪನಿಗೆ ಏನು ಹೇಳೋಣ!

ಮೊದಲು ಮಂತ್ರಿಯ ಮಗ ಬಂದ. "ನಾವು ಬೇಡವೆಂದು ಬಿಟ್ಟದ್ದನ್ನು ಉಂಡು ಬದುಕುವವರಿದ್ದಾರೆ. ಏನದು?" ಎಂದಳು ರಾಜಕುಮಾರಿ. "ಎಂಜಲು" ಎಂದ. ತಲೆ ಹೋಯಿತು.

ದೇಸಾಯರ ಮಗ "ಬಿಟ್ಟ ಉಸಿರು" ಎಂದು ಅಂದಾಜಿನಲ್ಲೇ ಹೇಳಿ ಮೊದಲನೆಯದು ಗೆದ್ದ. ರಾಜಕುಮಾರಿ ಎರಡನೆಯದು ಕೇಳಿದಳು: "ಅದು ಕಡಿಮೆಯಾದರೆ ಒಬ್ಬರು ಸಾಯುತ್ತಾರೆ, ಹೆಚ್ಚಾದರೆ ಇನ್ನೊಬ್ಬರು. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಯಾರವರು?" "ಅತ್ತೆ ಸೊಸೆ!" ಎಂದ ಪುಣ್ಯಾತ್ಮ. ಸಭೆ ನಕ್ಕಿತು. ಅವನ ತಲೆಯೂ ಹೋಯಿತು.

ಆಮೇಲೆ ಬಂದವನು ಸೋಡಾ ಅಂಗಡಿಯ ದುರ್ಗಪ್ಪ. "ನಾವು ಬಿಡೋ ಉಸಿರಿನಾಗ ಇರೋದು ಸೋಡಾದ ಗ್ಯಾಸೇ ತಾಯಿ. ಕಡಿಮಿ ಆದರ ಗಿಡ ಉಪವಾಸ, ಹೆಚ್ಚಾದರ ಮೀನಿಗೆ ಉಸಿರು ಕಟ್ಟತೈತಿ" ಎಂದ. ಎರಡೂ ಸರಿ. ರಾಜಕುಮಾರಿ ಮೂರನೆಯದು ಕೇಳಿದಳು: "ಹಗಲು ಉಣಿಸುವ ಕೈ ರಾತ್ರಿ ಕೊಲ್ಲುತ್ತದೆ. ಅದನ್ನು ಕಡಿಯದೆ ತಡೆಯುವುದು ಹೇಗೆ?"

ದುರ್ಗಪ್ಪನಿಗೆ ಹೊಳೆಯಲಿಲ್ಲ. "ಮೊದಲು ಉಣಿಸಿ ತೋರಸ್ತೀನಿ" ಎಂದ. ಅಂಗಡಿಗೆ ಇದ್ದದ್ದು ಒಂದೇ ಗ್ಯಾಸ್ ಸಿಲಿಂಡರ್. ಅದನ್ನು ತಂದರೆ ಹೊಟ್ಟೆಪಾಡು ನಿಲ್ಲುತ್ತದೆಂದು, ಬೆಲ್ಲದ ನೀರಿಗೆ ಹೆಂಡದ ಗಸಿ ಹಾಕಿ ಮಡಕೆಯಲ್ಲಿ ಹುಳಿಬರಿಸಿ, ಬಾಯಿ ಕಟ್ಟಿ, ಅದರಲ್ಲೇಳುವ ಅದೇ ಗ್ಯಾಸನ್ನು ಕೊಳವೆಯಿಂದ ನೀರಿಗೆ ಗುಳ್ಳೆಯಾಗಿ ಬಿಟ್ಟ. ಹಗಲೆಲ್ಲ ಎಲೆಗಳು ನಳನಳಿಸಿದವು. ಮರುದಿನ ಬೆಳಗಾದರೆ ಅರ್ಧ ಮೀನು ಸತ್ತು ತೇಲುತ್ತಿದ್ದವು.

"ಹೊತ್ತು ಮುಳುಗುವಾಗ ಇವನ ತಲೆ ತೆಗೆಯಿರಿ" ಎಂದ ರಾಜ.

ದುರ್ಗಪ್ಪನ ತಮ್ಮ ಯಮನೂರನಿಗೆ ಸುದ್ದಿ ಮುಟ್ಟಿದಾಗ ಅವನು ಸೋಡಾ ತುಂಬುತ್ತಿದ್ದ. ಎದ್ದೆನೋ ಬಿದ್ದೆನೋ ಎಂದು ಓಡಿದ. ತಂದೆತಾಯಿ ಇಲ್ಲದ ಅವನನ್ನು ಅಣ್ಣನೇ ತುತ್ತಿಟ್ಟು ಸಾಕಿದ್ದ. ಸೆರೆಮನೆಯ ಸರಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

"ಅಣ್ಣಾ, ನೀ ಇಲ್ಲದ ಮನಿಗೆ ನಾ ಹೆಂಗ ಹೋಗಲಿ?"

ಹೊರಗೆ ಬಿಸಿಲು ಇಳಿಯುತ್ತಿತ್ತು. ದಿನಾ ಆ ಹೊತ್ತಿಗೆ ಕೇಳುವ ಮಾತೇ ದುರ್ಗಪ್ಪನ ಬಾಯಿಗೆ ಬಂತು: "ಸಿಲಿಂಡರಿನ ಚಾವಿ ತಿರುವಿ ಮುಚ್ಚಿ ಬಂದೀಯೇನಲೇ?"

ಯಮನೂರನ ಅಳು ಗಕ್ಕನೆ ನಿಂತಿತು. ಅಯ್ಯೋ, ಮಡಕೆಗೆ ಚಾವಿ ಎಲ್ಲಿದೆ!

ಕಾವಲಿನವರನ್ನು ತಳ್ಳಿ ಸಭೆಗೆ ನುಗ್ಗಿದ. "ಮೂರನೇ ಒಗಟು ನಾ ಬಿಡಸ್ತೀನ್ರಿ ತಾಯಿ. ತಪ್ಪಿದರ ಇಬ್ಬರನ್ನೂ ಕೂಡೇ ಕಡೀರಿ! ಉಣಿಸೋ ಕೈ ಅಂದ್ರ ಆ ಗ್ಯಾಸು. ಕತ್ತಲಾದರ ಗಿಡ ಅದನ್ನ ಉಣ್ಣೂದಿಲ್ಲ, ತಾನೂ ನಮ್ಮಂಗ ಉಸಿರು ಬಿಡತೈತಿ. ಮಡಕಿಗೆ ಅದು ತಿಳೀತೈತೇನ್ರಿ? ರಾತ್ರಿಯೆಲ್ಲಾ ಬಡಿಸಿದ್ದೇ ಬಡಿಸಿದ್ದು. ಸಿಲಿಂಡರಿಗೆ ಚಾವಿ ಐತ್ರಿ. ಮುಂಜಾನೆ ತೆರೆದು, ಮೀನು ನೋಡಿಕೋತ ಒಂದೊಂದೇ ಗುಳ್ಳಿ ಬಿಡಬೇಕು. ಸಂಜಿಗೆ ಮುಚ್ಚಬೇಕು. ನಮ್ಮ ಹೊಟ್ಟಿಗೆ ಹೆದರಿ ಅಣ್ಣ ಮಡಕಿ ಆರಿಸಿದ. ಅಷ್ಟೇ ಅವನ ತಪ್ಪು."

ರಾಜಕುಮಾರಿ ಎದ್ದು ನಿಂತಳು. "ದೀಪ ಹಚ್ಚೋ ಹೊತ್ತಿಗೆ ಅವ್ವ ಕೊಳದ ಹಿಂದೆ ಬಗ್ಗಿ ಏನೋ ತಿರುವುತ್ತಿದ್ದಳು" ಎಂದಳು. ತಾನೇ ಹೋಗಿ ಹಿಂದಿನ ಪರದೆ ಸರಿಸಿದಳು. ಧೂಳು ಹಿಡಿದ ಖಾಲಿ ಸಿಲಿಂಡರ್ ಅಲ್ಲೇ ಇತ್ತು. ಅದನ್ನು ತಬ್ಬಿಕೊಂಡು ಅತ್ತಳು.

"ಊರು ಬೇಕೋ, ಬಂಗಾರ ಬೇಕೋ, ಕೇಳು" ಎಂದ ರಾಜ.

"ನಮ್ಮಣ್ಣ ಬೇಕ್ರಿ."

ಮಸೆದಿಟ್ಟ ಕತ್ತಿ ಒರೆ ಸೇರಿತು. ದುರ್ಗಪ್ಪ ಸೆರೆಮನೆಯಿಂದ ಹೊರಗೆ ಬಂದವನೇ ಕೇಳಿದ್ದು, "ಅಲ್ಲಲೇ, ಚಾವಿ ತಿರುವಿದ್ಯೋ ಇಲ್ಲೋ?"

"ಇಲ್ಲಣ್ಣಾ. ಹಂಗ ಓಡಿ ಬಂದೆ. ಗ್ಯಾಸೆಲ್ಲಾ ಖಾಲಿ ಆಗಿರತೈತಿ."

"ಹೋಗಲಿ ಬಿಡೋ" ಎಂದ ದುರ್ಗಪ್ಪ. ತಮ್ಮನ ತಲೆಯನ್ನು ಎದೆಗೊತ್ತಿಕೊಂಡು ಹೋ ಎಂದು ಅತ್ತುಬಿಟ್ಟ.