ಏಳದೇ ಹೋದ ಊರು

“ಕೇಳ್ರಪ್ಪೋ ಕೇಳಿ, ಧೀರಗುಣ ಮಹಾರಾಜರ ಅಪ್ಪಣೆ ಕೇಳಿ. ರಾಜಕುಮಾರಿ ಇಂದುಮುಖಿಯವರ ಕಂಪ್ಯೂಟರ್ ಆಟ ನಿಂತುಹೋಗಿದೆ. ಅವರು ಕೇಳೋ ಮೂರು ಒಗಟಿಗೆ ಉತ್ತರ ಹೇಳಿ ಆಟ ಎಬ್ಬಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರಿಗೆ ಸಂಜೆ ಹೊತ್ತಿಗೆ ತಲೆ ಇರಲ್ಲ.”

ಡಂಗೂರದವನು ಇಷ್ಟು ಸಾರಿ ಮುಗಿಸೋದ್ರೊಳಗೆ ಊರಿಗೆ ಊರೇ ಅರಮನೆ ಮುಂದೆ ಜಮಾಯಿಸಿಬಿಡ್ತು. ಯಾಕಂದ್ರೆ ಆ ಆಟ ಅಂತಿಂಥದ್ದಲ್ಲ. ರಾಜಕುಮಾರಿ, ಅವಳ ಅಕ್ಕ ಶಶಿಕಲೆ, ಇಬ್ಬರೂ ಸೇರಿ ಅದರೊಳಗೆ ಒಂದು ಊರನ್ನೇ ಕಟ್ಟಿದ್ರು. ಕೆರೆ, ಪೇಟೆ, ಕುದುರೆ ಲಾಯ, ಎಲ್ಲಾನೂ. ಆಟದ ಜೊತೆ ಬಂದದ್ದು ಸಾಲದು ಅಂತ, ಆಡೋ ಜನರೇ ಮಾಡಿ ಹಂಚೋ ತುಣುಕುಗಳಿರ್ತವಲ್ಲ, ಮಾಡ್ ಅಂತಾರೆ, ಒಂದು ಹಾಕಿದ್ರೆ ಹೊಸ ಕುದುರೆ, ಇನ್ನೊಂದು ಹಾಕಿದ್ರೆ ಹೊಸ ಹೆಂಚು, ಅವನ್ನೂ ರಾಶಿ ರಾಶಿ ತುಂಬಿದ್ರು. ಆಮೇಲೆ ಅಕ್ಕ ಮದುವೆಯಾಗಿ ಕಡಲಾಚೆ ಹೋದ್ಲು. ಇಬ್ಬರೂ ದಿನಾ ಸಿಗ್ತಿದ್ದದ್ದು ಆ ಊರಲ್ಲೇ. ಈಗ ಅದೇ ತೆರೀತಿಲ್ಲ ಅಂದ್ರೆ ರಾಜಕುಮಾರಿಗೆ ಅನ್ನ ಸೇರುತ್ತಾ?

ಮೊದಲು ಬಂದವನು ಸೇನಾಪತಿ ಮಗ ರಣಕೇಸರಿ. ಹಿಂದೇನೇ ನೆರೆರಾಜ್ಯದ ಯುವರಾಜ ವೈಜಯಂತ. ಒಬ್ಬರನ್ನ ಕಂಡ್ರೆ ಇನ್ನೊಬ್ಬರಿಗೆ ಮೈಯೆಲ್ಲ ಉರಿ. ಇವನು ಆನೆ ಮೇಲೆ ಬಂದ ಅಂತ ಅವನು ದಾರೀಲೇ ಕುದುರೆ ಇಳಿದು ಎರಡು ಆನೆ ತರಿಸಿದ್ದ.

ರಾಜಕುಮಾರಿ ಕೇಳಿದ್ಲು: “ನಿನ್ನೆ ತೆರೆದ ಬಾಗಿಲು ಇವತ್ತು ತೆರೆಯೋದಿಲ್ಲ. ಒಳಗಿರೋರು ಯಾರೂ ಬದಲಾಗಿಲ್ಲ. ಹಾಗಾದ್ರೆ ಬದಲಾದದ್ದು ಏನು?”

ರಣಕೇಸರಿ ನಕ್ಕ. ನಿಮ್ಮ ಕಂಪ್ಯೂಟರ್‌ಗೆ ಮುಪ್ಪು ಬಂದಿದೆ, ನನ್ನದು ನೋಡಿ, ಒಳಗೆ ಏಳು ಬಣ್ಣದ ದೀಪ ಉರಿಯುತ್ತೆ ಅಂದ. ತಪ್ಪು. ಕಂಬಕ್ಕೆ ಕಟ್ಟಿದ್ರು.

ವೈಜಯಂತ ಜಂಭದಿಂದ ಮುಂದೆ ಬಂದು, ಬದಲಾದದ್ದು ಮನೇನೇ ಅಂದ. ಆಟ ಯಾರಿಗೂ ಹೇಳದೆ ತಾನೇ ಅಪ್‌ಡೇಟ್ ಆಗಿದೆ, ಮಾಡ್‌ಗಳು ಹಳೇವೇ ಉಳಿದಿವೆ, ಹಳೇ ಕೀಲಿ ಹೊಸ ಬೀಗಕ್ಕೆ ಹತ್ತಲ್ಲ. ಹೊಸವನ್ನ ತಂದು ಹಾಕಿದ, ಆಟ ಶುರುವಾಗೇಬಿಡ್ತು. ಕಂಬದಲ್ಲಿದ್ದ ರಣಕೇಸರಿ ಹಲ್ಲು ಕಡಿದ ಸದ್ದು ಸಭೆಗೆಲ್ಲ ಕೇಳಿಸ್ತು. ಆದರೆ ಪರೀಕ್ಷೆಗೆ ಅಂತ ತೆರೆದ ಹೊಸ ಊರಲ್ಲಿ ಲಾಯದ ಹತ್ತಿರ ಹೋಗಿದ್ದೇ ತಡ, ಪರದೆ ಕಪ್ಪಾಗಿ ಆಟ ಧೊಪ್ಪಂತ ಮುಚ್ಚಿಕೊಳ್ತು.

“ಇಬ್ಬರೂ ಒಳ್ಳೆಯವರೇ,” ಅಂದ್ಲು ರಾಜಕುಮಾರಿ. “ಯಾರೊಬ್ಬರು ಇದ್ರೂ ಮನೆ ನಿಲ್ಲುತ್ತೆ. ಇಬ್ಬರೂ ಇದ್ರೆ ಬೀಳುತ್ತೆ. ಯಾರವರು, ಯಾಕೆ?”

ವೈಜಯಂತನೋ, ಯಾರಾದ್ರೇನು, ಊರನ್ನೂ ಸೇರಿಸಿ ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅಂದುಬಿಟ್ಟ. ರಾಜಕುಮಾರಿ ಕಣ್ಣಲ್ಲಿ ನೀರು. ಅವನನ್ನೂ ಅದೇ ಕಂಬಕ್ಕೆ ಕಟ್ಟಿದ್ರು. ಕಟ್ಟಿದ್ದೇ ತಡ, ನೆರಳಿನ ಕಡೆ ಯಾರು ನಿಲ್ಲಬೇಕು ಅಂತ ಇಬ್ಬರಿಗೂ ಜಗಳ ಹತ್ತಿಕೊಳ್ತು.

ಆಗ ಏಣಿ ಇಳಿದು ಬಂದವನು ತಿಪ್ಪೇಶ. ಹಬ್ಬಕ್ಕೆ ಅರಮನೆಗೆ ಸೀರಿಯಲ್ ಸೆಟ್ ದೀಪ ಕಟ್ಟೋನು, ತಿಂಗಳಿಂದ ಅಲ್ಲೇ ಇದ್ದ. ಹೆದರ್ತಾ ಕೈ ಮುಗಿದ. ದೀಪದ ಸರ ಆರಿದ್ರೆ ನಾವು ಅರ್ಧರ್ಧ ಬಿಚ್ಚಿ ನೋಡ್ತೀವಿ, ಇಲ್ಲೂ ನೋಡ್ಲಾ ಅಂದ. ಅರ್ಧ ಮಾಡ್ ತೆಗೆದ, ಲಾಯದ ಹತ್ರ ಹೋಗಿ ನೋಡಿದ, ಬೀಳ್ತು. ಉಳಿದದ್ದರಲ್ಲಿ ಅರ್ಧ ತೆಗೆದ, ಮತ್ತೆ ಬೀಳ್ತು. ಹಿಂಗೇ ತೆಗೀತಾ ತೆಗೀತಾ ಕೊನೆಗೆ ಎರಡೇ ಉಳಿದ್ವು. ಎರಡೂ ಕುದುರೆಯವೇ. ಒಂದು ಬಿಳಿ ಬಣ್ಣ ಬಳಿಯೋದು, ಇನ್ನೊಂದು ಕಪ್ಪು ಬಳಿಯೋದು, ಇಬ್ಬರಿಗೂ ಅದೇ ಕುದುರೆ ಬೇಕು.

“ಹೊಟ್ಟೆಕಿಚ್ಚು, ಅಮ್ಮಣ್ಣಿ,” ಅಂದ ಕಂಬದ ಕಡೆ ನೋಡ್ತಾ. “ಒಬ್ಬರನ್ನ ಆಚೆ ಕಳಿಸಿದ್ರೆ ಸಾಕು.”

ಕಪ್ಪನ್ನ ತೆಗೆದ, ಮಿಕ್ಕಿದ್ದೆಲ್ಲ ವಾಪಸ್ ಹಾಕಿದ. ಲಾಯ ಬೀಳದೆ ನಿಲ್ತು. ಆದರೆ ಅಕ್ಕತಂಗಿ ಕಟ್ಟಿದ ಹಳೇ ಊರು ಮಾತ್ರ, ತೆರೆಯೋಕೆ ಹೋದ್ರೆ ಮತ್ತೆ ಧೊಪ್.

ರಾಜಕುಮಾರಿ ಮೂರನೇದನ್ನ ಬಹಳ ಮೆಲ್ಲಗೆ ಕೇಳಿದ್ಲು, ಅದೂ ಯಾರ ಮುಖಾನೂ ನೋಡದೆ: “ಅವನು ಊರಲ್ಲಿ ಎಲ್ಲೂ ಕಾಣಿಸಲ್ಲ, ಮನೆ ಕಟ್ಟಲ್ಲ, ಕುದುರೆ ಸಾಕಲ್ಲ. ಆದರೆ ಅವನಿಲ್ಲದೆ ಊರಲ್ಲಿ ಯಾರೂ ಏಳಲ್ಲ. ಅವನು ಯಾರು, ಅವನನ್ನ ಕರ್ಕೊಂಡು ಹೋದದ್ದು ಯಾರು?”

ತಿಪ್ಪೇಶ, ಅಳಿಸಿದ್ದೆಲ್ಲ ಹೋಗಿ ಬೀಳೋ ಕಂಪ್ಯೂಟರ್‌ನ ಕಸದ ಬುಟ್ಟಿ ತೆರೆದು ನೋಡಿದ. ಅಲ್ಲೊಂದೇ ಒಂದು ಮಾಡ್ ಬಿದ್ದಿತ್ತು, ಚಿತ್ರ ಇಲ್ಲ, ಬಣ್ಣ ಇಲ್ಲ. ಹಳೇ ಊರಿಗೆ ಊರೇ ನಿಂತಿದ್ದದ್ದು ಇದರ ಮೇಲೇನೇ. ಮೊದಲರ್ಧ ಸಿಕ್ತು. ಇನ್ನರ್ಧ ಹೊಳೆದಾಗ ಅವನು ಒಮ್ಮೆ ತನ್ನ ಏಣಿ ಕಡೆ ನೋಡಿದ. ಕಂಬದವರಿಬ್ಬರೂ, ಇವನೂ ಬರ್ಲಿ ಇಲ್ಲಿಗೆ ಅಂತ ಕಣ್ಣು ಬಿಟ್ಕೊಂಡು ಕಾಯ್ತಿದ್ರು.

“ಮಹಾಪ್ರಭು, ತಲೆ ಹೋದ್ರೂ ಹೇಳ್ತೀನಿ. ಅಮ್ಮಣ್ಣಿ ಕೋಣೆಗೆ ಕಾವಲಿನವರು ಬಿಡೋದು ತಮ್ಮನ್ನ ಮಾತ್ರ. ದ್ವೇಷ ಇದ್ದೋರು ಬುಟ್ಟೀನೂ ಖಾಲಿ ಮಾಡ್ತಿದ್ರು. ಇದನ್ನ ಎತ್ತಿದವರಿಗೆ ಬಿಸಾಡೋಕೆ ಮನಸ್ಸು ಬಂದಿಲ್ಲ. ತಾವು ಸಂಜೆ ಒಬ್ಬರೇ ಚೌಕಾಬಾರ ಹಾಸ್ಕೊಂಡು ಎರಡೂ ಕಡೆ ಕವಡೆ ತಾವೇ ಹಾಕೋದನ್ನ ನಾನು ಏಣಿ ಮೇಲಿಂದ ನೋಡಿದೀನಿ.”

ರಾಜನ ಕೈ ಕತ್ತಿ ಹಿಡಿ ಮೇಲೆ ಹೋಯ್ತು, ಅಲ್ಲೇ ಸ್ವಲ್ಪ ಹೊತ್ತು ಇತ್ತು, ಮೆಲ್ಲಗೆ ಕೆಳಗಿಳೀತು.

“ಹೌದು, ತೆಗೆದದ್ದು ನಾನೇ. ಅವಳು ದಿನಾ ಅಕ್ಕನ್ನ ನೋಡ್ತಾಳೆ,” ಅಂದ ರಾಜ. “ನಾನು ಬಾಗಿಲಲ್ಲಿ ನಿಂತಿದ್ರೆ ತಿರುಗಿಯೂ ನೋಡಲ್ಲ. ದೊಡ್ಡವಳನ್ನ ಕಡಲಾಚೆ ಕಳಿಸ್ಕೊಟ್ಟಿದ್ದು ನನಗೂ ಅಲ್ವಾ ಕಷ್ಟ?”

“ಗೊತ್ತಿತ್ತಪ್ಪಾಜಿ,” ಅಂದ್ಲು ಇಂದುಮುಖಿ. “ನಿಮ್ಮ ಬಾಯಿಂದ ಬರ್ಲಿ ಅಂತಾನೇ ಒಗಟು ಮಾಡಿದೆ.”

ತಿಪ್ಪೇಶ ಮಾಡನ್ನ ಬುಟ್ಟಿಯಿಂದೆತ್ತಿ, ಅದನ್ನೂ ಹೊಸದು ಮಾಡಿ, ಅದರ ಜಾಗಕ್ಕಿಟ್ಟ. ಊರು ಎದ್ದೇಬಿಡ್ತು. ಕೆರೆ ಏರಿ ಮೇಲೆ ಅಕ್ಕನ ಗೊಂಬೆ ನಿಂತಿತ್ತು, ಅದರ ತಲೆ ಮೇಲೆ ಅಕ್ಷರ ಮೂಡ್ತು: ಎಲ್ಲೇ ಹೋಗಿದ್ದೆ, ಇಷ್ಟು ದಿನ?

ಅರ್ಧ ರಾಜ್ಯ ತಿಪ್ಪೇಶನಿಗೆ ಬಂತು. ಮೊದಲನೇ ಒಗಟು ಬಿಡಿಸಿದ್ದು ಯುವರಾಜರು, ಎರಡನೇದು ಇವರಿಬ್ಬರ ಜಗಳ ನೋಡಿ ಹೊಳೆದದ್ದು ಅಂತ ಬೇಡಿಕೊಂಡು ಕಂಬದವರ ತಲೇನೂ ಉಳಿಸಿದ. ಬಿಚ್ಚಿದ್ದೇ ತಡ, ನನ್ನನ್ನ ಮೊದಲು ಬಿಚ್ಚಿದ್ರು ಅಂತ ಒಬ್ಬ ಬೀಗಿದ, ಇನ್ನೊಬ್ಬ ಮುಖ ತಿರುಗಿಸಿದ.

ರಾಜಕುಮಾರಿ ಆ ಊರಲ್ಲಿ ಎರಡು ಹೊಸ ಮನೆ ಕಟ್ಟಿದ್ಲು. ಒಂದು ತಿಪ್ಪೇಶನಿಗೆ, ಒಂದು ಅಪ್ಪನಿಗೆ, ಅಕ್ಕನ ಮನೆ ಪಕ್ಕದಲ್ಲೇ. ರಾಜ ಕಿರೀಟ ತೆಗೆದಿಟ್ಟು ಮಗಳ ಪಕ್ಕ ಕೂತ, ಮೌಸ್ ಹಿಡಿದ, ತನ್ನ ಮನೆಯನ್ನ ಸುತ್ತಿ ಬಂದ, ಆಮೇಲೆ ತಿಪ್ಪೇಶನದ್ದನ್ನ ದಿಟ್ಟಿಸಿದ.

“ಅದೆಲ್ಲ ಸರಿ ಕಣಮ್ಮ,” ಅಂದ. “ದೀಪದವನ ಮನೆಗೆ ಮಾತ್ರ ಯಾಕೆ ಎರಡು ಮಹಡಿ?”