ರಾಜನ ಮುಖದಡಿಯ ಸಾಲು

"ಗವಾಕ್ಷಿಪುರದ ಪ್ರಜೆಗಳೆಲ್ಲ ಕೇಳಿರಿ. ಅರಸು ಚಿತ್ರಧ್ವಜರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರಮನೆಯ ವೆಬ್‌ಸೈಟಿನ ಯಜಮಾನಿಕೆ. ಒಂದು ತಪ್ಪಿದರೂ ತಲೆದಂಡ."

ಡಂಗುರ ಕೇಳಿ ದುಗ್ಗಣ್ಣ ಕೈಲಿದ್ದ ಕೆಲಸ ಬಿಟ್ಟು ಎದ್ದ. ಪೇಟೆಯ ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಪುಟ ಕಟ್ಟಿಕೊಟ್ಟು ಹೊಟ್ಟೆ ಹೊರೆಯುವ ಬಡಪಾಯಿ ಅವನು. ಅವನ ಅಕ್ಕ ನೀಲವ್ವ ಸೆರೆಮನೆಯಲ್ಲಿದ್ದಳು. ಸಂಜೆಯಾದ ಮೇಲೆ ಸೇತುವೆ ದಾಟಬಾರದೆಂಬ ರಾಜಾಜ್ಞೆ ಮೀರಿದಳಂತೆ, ಅದಕ್ಕೆ ಹುಣ್ಣಿಮೆಯ ದಿನ ನೇಣು. "ಅರಮನೆಯ ಪುಟ ತೆರೆದರೂ ಅಂಥ ಆಜ್ಞೆ ನನ್ನ ಫೋನಿನಲ್ಲಿ ಕಾಣಲೇ ಇಲ್ಲ ಕಣೋ ದುಗ್ಗ" ಎಂದು ಅವಳು ಗೋಳಾಡಿದರೂ ಕೇಳುವವರು ಯಾರು? ಬಡವನನ್ನು ಆಸ್ಥಾನದ ಬಾಗಿಲೊಳಗೆ ಬಿಟ್ಟರೆ ತಾನೆ! ರಾಜನೆದುರು ನಿಲ್ಲಲು ಇದೊಂದೇ ದಾರಿ ಎಂದುಕೊಂಡು ಅಕ್ಕನ ಹಳೇ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟ.

ಆಸ್ಥಾನದಲ್ಲಿ ಇವನಿಗಿಂತ ಮೊದಲೇ ಇಬ್ಬರು ಜರಿಪೇಟದವರು ನಿಂತಿದ್ದರು. ರಾಜನ ಹಿಂದೆ ಗೋಡೆಯಗಲದ ಪರದೆ, ಅದರಲ್ಲಿ ಅರಮನೆಯ ಪುಟ ಥಳಥಳ ಹೊಳೆಯುತ್ತಿತ್ತು: ಒಂದು ಕಡೆ ರಾಜನ ಚಿತ್ರ, ಪಕ್ಕದಲ್ಲಿ ರಾಜಾಜ್ಞೆ.

"ಓಲೆ ಒಂದೇ," ಎಂದ ರಾಜ. "ಒಬ್ಬ ಓದಿದರೆ ನೆಟ್ಟಗೆ, ಇನ್ನೊಬ್ಬ ಓದಿದರೆ ಸೊಟ್ಟಗೆ. ಒಂದಕ್ಷರವೂ ಬದಲಾಗಿಲ್ಲ. ಓದಿದವರು ಯಾರು?"

"ಕಣ್ಣು ಮಂಜಾದ ಮುದುಕರು" ಎಂದ ಮೊದಲನೆಯವ. ಭಟರು ಅವನನ್ನು ಎಳೆದೊಯ್ದರು.

ಎರಡನೆಯವ ಬಾಯಿ ತೆರೆಯುವ ಮೊದಲೇ ದುಗ್ಗಣ್ಣ ಮುಂದೆ ಬಂದ. "ವೆಬ್‌ಪುಟ ತೆರೆದು ತೋರಿಸುವ ಬ್ರೌಸರುಗಳು, ಪ್ರಭು. ಪುಟ ಒಂದೇ ಇದ್ದರೂ ಒಂದೊಂದು ಬ್ರೌಸರ್ ತನಗೆ ತಿಳಿದ ಹಾಗೆ ತೋರಿಸುತ್ತದೆ."

ರಾಜ ತಲೆದೂಗಿದ. "ಕಾವಲಿಲ್ಲದ ಕಟ್ಟಳೆಯೊಂದಿದೆ. ಮುರಿದವನಿಗೆ ನೋವಿಲ್ಲ, ಎಲ್ಲೋ ಇರುವ ಬೇರೊಬ್ಬನಿಗೆ ಪೆಟ್ಟು. ಏನದು?"

"ದೇವರಿಗೆ ಹೊತ್ತ ಹರಕೆ" ಎಂದ ಎರಡನೆಯವನೂ ಭಟರ ಪಾಲಾದ. ಈಗ ಉಳಿದವನು ದುಗ್ಗಣ್ಣನೊಬ್ಬನೇ.

"ವೆಬ್‌ನ ಮಾನದಂಡ, ಪ್ರಭು. ಬ್ರೌಸರ್ ಮಾಡುವವರು, ಪುಟ ಕಟ್ಟುವವರು ಕೂಡಿ ಒಪ್ಪಿಕೊಂಡ ನಿಯಮ. ನಾನು ಅದನ್ನು ಮುರಿದರೂ ನನ್ನ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡೀತು. ಕೆಡುವುದು ಇನ್ಯಾರದೋ ಪರದೆಯಲ್ಲಿ."

"ಕೊನೆಯದು. ನಾಡಿಗೆಲ್ಲ ಕಾಣುತ್ತದೆ, ನೇರವಾಗಿ ನೋಡಲು ನನಗೊಬ್ಬನಿಗೇ ಆಗದು. ಏನದು?"

"ನಿಮ್ಮ ಮುಖ."

"ಭಲೆ, ಗೆದ್ದೆ" ಎಂದು ರಾಜ ನಕ್ಕ. ಅಲ್ಲಿಗೇ ಕೈಮುಗಿದು ನಿಂತಿದ್ದರೆ ದುಗ್ಗಣ್ಣನ ತಲೆ ಉಳಿಯುತ್ತಿತ್ತು, ಅಕ್ಕನದು ಉಳಿಯುತ್ತಿರಲಿಲ್ಲ. ಅವನು ಅಕ್ಕನ ಹಳೇ ಫೋನನ್ನು ಮುಂದೆ ಹಿಡಿದ.

"ಉತ್ತರ ಇನ್ನೂ ಮುಗಿದಿಲ್ಲ, ಪ್ರಭು. ನಮ್ಮಂಥವರ ಫೋನಿನಲ್ಲಿ ಅರಮನೆಯ ಪುಟ ತೆರೆದರೆ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಸೇತುವೆಯ ಆಜ್ಞೆ ಎಲ್ಲಿದೆ, ನೀವೇ ಹುಡುಕಿ."

ರಾಜ ಫೋನನ್ನು ತೆಗೆದುಕೊಂಡು ಪುಟವನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. ಗೋಡೆಯ ಪರದೆಯಲ್ಲಿ ಪಕ್ಕಪಕ್ಕದಲ್ಲಿದ್ದ ಚಿತ್ರ ಮತ್ತು ಆಜ್ಞೆ ಇಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಆಜ್ಞೆಯ ಸಾಲು ಅವನ ಮೀಸೆಯಡಿ ಪೂರ್ತಿ ಮುಚ್ಚಿಹೋಗಿತ್ತು.

"ನಾನು ಇದನ್ನು ಯಾವತ್ತೂ ಇಂಥ ಫೋನಿನಲ್ಲಿ ನೋಡಿರಲಿಲ್ಲ" ಎಂದು ರಾಜ ಫೋನನ್ನು ಹಿಂದಿರುಗಿಸಿದ. "ಆ ಹೆಂಗಸನ್ನು ಬಿಡಿ."

ಯಜಮಾನಿಕೆಯ ಮುದ್ರೆಯುಂಗುರ ಕೈಗೆ ಬಂದದ್ದೇ ದುಗ್ಗಣ್ಣ ತಲೆದಂಡಕ್ಕೆ ಕಾದಿದ್ದ ಆ ಇಬ್ಬರು ಜರಿಪೇಟದವರನ್ನೂ ಬಿಡಿಸಿಕೊಂಡ. ಊರಿನ ಹಳೇ ಫೋನುಗಳಲ್ಲೆಲ್ಲ ಪುಟ ತೆರೆದು ನೋಡಲು ಆಳು ಬೇಕಿತ್ತಲ್ಲ. ನೀಲವ್ವ ಹೊರಗೆ ಬಂದವಳೇ ತಮ್ಮನನ್ನು ತಬ್ಬಿ ಅತ್ತಳು. ಮನೆಗೆ ಹೋಗುವ ದಾರಿಯಲ್ಲಿ ಸೇತುವೆಯ ಹತ್ತಿರ ನಿಂತು, ತಮ್ಮ ಆಗಲೇ ತಿದ್ದಿದ್ದ ಪುಟವನ್ನು ತನ್ನ ಹಳೇ ಫೋನಿನಲ್ಲಿ ಮೆಲ್ಲಗೆ ಓದಿದಳು. ಆಮೇಲೆ ತಲೆಯೆತ್ತಿ ಆಕಾಶ ನೋಡಿದಳು.

"ಬೇಗ ನಡಿಯೋ ದುಗ್ಗ, ಸಂಜೆಯಾಗ್ತಾ ಬಂತು" ಎಂದಳು.